ಎರಡು ದಿನದ ಬೀಚ್ ಟ್ರಿಪ್: ವಾಪಸ್ ಬರುವ ಗಂಟೆಯಿಂದ ಪ್ಲಾನ್ ಶುರು ಮಾಡಿ

ಗ್ರೂಪಿನಲ್ಲಿ ಯಾರೋ ‘ಈ ಶನಿವಾರ ಬೀಚ್ ಕಡೆ ಹೋಗೋಣ್ವಾ?’ ಅಂತ ಹಾಕುತ್ತಾರೆ. ಐದು ನಿಮಿಷದಲ್ಲಿ ಎಲ್ಲರೂ ರೆಡಿ. ಆಮೇಲಿನ ಚರ್ಚೆಯೆಲ್ಲ ಎಷ್ಟು ಗಂಟೆಗೆ ಹೊರಡೋದು ಅನ್ನುವುದರ ಸುತ್ತಲೇ ಸುತ್ತುತ್ತದೆ. ಎಷ್ಟು ಗಂಟೆಗೆ ವಾಪಸ್ ಅಂತ ಯಾರೂ ಕೇಳುವುದಿಲ್ಲ. ಮೊದಲು ಕೇಳಬೇಕಾದ್ದು ಅದನ್ನೇ.

1. ಹಿಂದಿನಿಂದ ಲೆಕ್ಕ ಹಾಕಿ

ಸೋಮವಾರ ಕೆಲಸ ಇದೆ, ಭಾನುವಾರ ರಾತ್ರಿ 9ಕ್ಕೆ ಮನೆಯಲ್ಲಿರಬೇಕು ಅಂದುಕೊಳ್ಳಿ. ಮ್ಯಾಪ್ 5 ಗಂಟೆಯ ದಾರಿ ಅನ್ನುತ್ತದೆ. ಮ್ಯಾಪಿಗೆ ಹಸಿವಾಗುವುದಿಲ್ಲ, ಬಾತ್‌ರೂಮಿಗೂ ಹೋಗಬೇಕಿಲ್ಲ. 20 ನಿಮಿಷದ ಎರಡು ಬ್ರೇಕ್, ಊಟಕ್ಕೆ 45 ನಿಮಿಷ ಸೇರಿಸಿದರೆ ಹೆಚ್ಚುಕಮ್ಮಿ ಆರೂವರೆ ಗಂಟೆ. ಅಂದರೆ ಭಾನುವಾರ ಮಧ್ಯಾಹ್ನ ಎರಡೂವರೆಗೆ ಕಾರು ಸ್ಟಾರ್ಟ್ ಆಗಿರಬೇಕು. ಹೋಗುವಾಗಲೂ ಅಷ್ಟೇ ಹೊತ್ತು. ಇದಕ್ಕಿಂತ ದೂರದ ಊರನ್ನು ಉದ್ದದ ರಜೆಗೆ ಇಟ್ಟುಕೊಳ್ಳುವುದೇ ವಾಸಿ. ಎರಡು ದಿನದಲ್ಲಿ ಹೋದರೆ ಸಮುದ್ರಕ್ಕಿಂತ ರಸ್ತೆಯನ್ನೇ ಜಾಸ್ತಿ ನೋಡಿಕೊಂಡು ಬರುತ್ತೀರಿ.

2. ಯಾರು ಓಡಿಸುತ್ತಾರೆ?

ಕನಿಷ್ಠ ಇಬ್ಬರು ಡ್ರೈವರ್ ಬೇಕು. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಸೀಟು ಬದಲಾಯಿಸಿ. ನಸುಕಿನ ಹೊತ್ತು ಮತ್ತು ಮಧ್ಯಾಹ್ನದ ಊಟದ ನಂತರ ಮೈ ತಾನಾಗಿ ನಿದ್ದೆಗೆ ಜಾರುತ್ತದೆ. ಶುಕ್ರವಾರ ಆಫೀಸ್ ಮುಗಿಸಿ ರಾತ್ರಿಯಿಡೀ ಓಡಿಸುವುದು ಕೇಳಲಿಕ್ಕೆ ಮಜಾ ಅಷ್ಟೇ. ಮಲಗಿ ಎದ್ದು ಬೆಳಿಗ್ಗೆ ಬೇಗ ಹೊರಡಿ. ಬಾಡಿಗೆ ಕಾರಾದರೆ ಇಬ್ಬರು ಡ್ರೈವರ್‌ಗಳ ಹೆಸರೂ ಕರಾರಿನಲ್ಲಿ ಇದೆಯಾ ನೋಡಿ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಿಕೊಳ್ಳಲಿ.

3. ಸಮುದ್ರದ ಟೈಮ್‌ಟೇಬಲ್ ನೋಡಿ

ರೂಮು, ಊಟ, ಹಾಡು ಎಲ್ಲದಕ್ಕೂ ತಲೆ ಕೆಡಿಸಿಕೊಳ್ಳುವ ನಾವು ಇದನ್ನು ಮಾತ್ರ ಮರೆಯುತ್ತೇವೆ. ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಶನಿವಾರ ಬೆಳಿಗ್ಗೆ 6ಕ್ಕೆ ನೀರು ಏರಿದ್ದರೆ ಮಧ್ಯಾಹ್ನ 12 ದಾಟಿದ ಮೇಲೆ ಪೂರ್ತಿ ಇಳಿದಿರುತ್ತದೆ, ಸಂಜೆ ಆರೂವರೆ ಹೊತ್ತಿಗೆ ಮತ್ತೆ ಏರಿರುತ್ತದೆ. ಭಾನುವಾರ ಇದೆಲ್ಲ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ಊರಿನ ಹೆಸರು ಹಾಕಿ ಹುಡುಕಿದರೆ ನಿಖರವಾದ ಸಮಯ ಸಿಗುತ್ತದೆ.

ಬಂಡೆಗಳ ನಡುವಿನ ಹೊಂಡಗಳಲ್ಲಿ ಏಡಿ, ಶಂಖದ ಹುಳು ನೋಡಬೇಕಾ? ನೀರು ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮುಂಚೆ ಹೋಗಿ, ಏರಲು ಶುರುವಾದ ಕೂಡಲೇ ಹೊರಟುಬಿಡಿ. ಗುಡ್ಡದ ಬುಡದಲ್ಲಿ ನಡೆಯುತ್ತಾ ಹೋದವರಿಗೆ ಹಿಂದೆ ದಾರಿ ಮುಚ್ಚಿಹೋದದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಕಾರನ್ನಂತೂ ಮರಳಿಗೆ ಇಳಿಸಬೇಡಿ.

ಈಜಲು ಇಳಿಯುವ ಮುನ್ನ ಐದು ನಿಮಿಷ ದಡದಲ್ಲಿ ಸುಮ್ನೆ ನಿಂತು ಅಲೆಗಳನ್ನು ನೋಡಿ. ಎರಡೂ ಬದಿ ಬಿಳಿ ನೊರೆ ಎದ್ದು ಅಲೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿಯಷ್ಟು ಜಾಗದಲ್ಲಿ ನೀರು ಕಪ್ಪಗೆ, ಶಾಂತವಾಗಿ ಕಾಣುತ್ತಿದ್ದರೆ ಹುಷಾರು. ಹೊಸಬರು ‘ಇಲ್ಲಿ ಅಲೆನೇ ಇಲ್ಲ’ ಅಂತ ಅಲ್ಲೇ ಇಳಿಯುತ್ತಾರೆ. ದಡಕ್ಕೆ ಬಂದ ನೀರು ಒಳಕ್ಕೆ ವಾಪಸ್ ಹೋಗುವ ದಾರಿ ಅದು. ಆ ಸೆಳೆತಕ್ಕೆ ಸಿಕ್ಕಿಕೊಂಡರೆ ನೇರ ದಡದತ್ತ ಈಜಿ ಸುಸ್ತಾಗಬೇಡಿ. ತೇಲುತ್ತಾ ಕೈ ಎತ್ತಿ ಕೂಗಿ, ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಆ ಪಟ್ಟಿಯಿಂದ ಹೊರಬನ್ನಿ. ಕೆಂಪು ಬಾವುಟ ಹಾರುತ್ತಿದ್ದರೆ ಅಂದು ಮರಳಲ್ಲೇ ಆಟ. ಕುಡಿದವರನ್ನು ನೀರಿಗೆ ಬಿಡುವ ಮಾತೇ ಇಲ್ಲ.

4. ದುಡ್ಡಿನ ಲೆಕ್ಕ

ಹೊರಡುವ ಮೊದಲೇ ಎಲ್ಲರಿಂದ ಒಂದಿಷ್ಟು ದುಡ್ಡು ತಗೊಂಡು ಒಬ್ಬರ ಕೈಗೆ ಕೊಡಿ. ಇಂಧನದ ಅಂದಾಜು ಸುಲಭ. ಹೋಗಿಬರಲು 500 ಕಿ.ಮೀ., ಊರಲ್ಲಿ ಸುತ್ತಾಡಲು 50, ಕಾರಿನ ಮೈಲೇಜ್ 15 ಅಂದರೆ ಸುಮಾರು 37 ಲೀಟರ್. ಇದನ್ನು ಕಾರಿನ ಮಾಲೀಕನನ್ನು ಬಿಟ್ಟು ಉಳಿದವರು ಹಂಚಿಕೊಳ್ಳುವುದು ನ್ಯಾಯ ಅಂತ ನನ್ನ ಅಭಿಪ್ರಾಯ. ಟೈರ್ ಸವೆಯುವುದು, ಸೀಟಿನ ಸಂದಿಯಲ್ಲಿ ಮರಳು ತುಂಬುವುದು ಅವನದೇ ಕಾರಿಗೆ ಅಲ್ವಾ?

5. ಕಾರು, ಬ್ಯಾಗು

ಟೈರಿನ ಗಾಳಿಯನ್ನು ಕಾರು ಓಡಿಸುವ ಮುಂಚೆ, ಟೈರ್ ತಣ್ಣಗಿರುವಾಗಲೇ ನೋಡಬೇಕು. ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕರ್‌ನಲ್ಲಿರುತ್ತದೆ. ಐದು ಜನ, ಲಗೇಜು ತುಂಬಿದಾಗಿನ ಅಂಕಿ ಎಷ್ಟೋ ಕಾರುಗಳಲ್ಲಿ ಬೇರೆಯೇ ಇರುತ್ತದೆ. ಸ್ಟೆಪ್ನಿಗೂ ಗಾಳಿ ಹಾಕಿಸಿ. ದಾರಿಯ ಮ್ಯಾಪನ್ನು ಮೊದಲೇ ಫೋನಿಗೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಬ್ಯಾಗು ತಲೆಗೊಂದು ಸಾಕು. ಹಳೇ ಟವೆಲ್, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಕವರ್, ಎಸ್‌ಪಿಎಫ್ 30ಕ್ಕೆ ಕಮ್ಮಿಯಿಲ್ಲದ ಸನ್‌ಸ್ಕ್ರೀನ್. ಅದನ್ನು ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದ ಮೇಲೆ ಮತ್ತೊಮ್ಮೆ ಹಚ್ಚಬೇಕು. ಜೊತೆಗೆ ಒಂದು ಡಬ್ಬಿ ಟಾಲ್ಕಂ ಪೌಡರ್. ಕಾರು ಹತ್ತುವ ಮುನ್ನ ಕಾಲಿಗೆ ಉದುರಿಸಿ ಕೈಯಿಂದ ಸವರಿ. ಪೌಡರ್ ತೇವ ಹೀರಿಕೊಂಡು ಮರಳು ತಾನಾಗಿ ಉದುರುತ್ತದೆ.

ಊರಿಗೆ ಬಂದ ಒಂದೆರಡು ದಿನದಲ್ಲಿ ಕಾರನ್ನು ಅಡಿಭಾಗ ಸಮೇತ ಸಿಹಿನೀರಿನಲ್ಲಿ ತೊಳೆಸಿ. ಉಪ್ಪು ಉಳಿದರೆ ತುಕ್ಕು ಬೇಗ ಹಿಡಿಯುತ್ತದೆ. ಆ ಖರ್ಚೂ ಎಲ್ಲರದು.