ಲಿನಕ್ಸ್ ಕಮಾಂಡ್ ಬಾಯಿಪಾಠ ಮಾಡ್ಬೇಡ್ರಿ, ಹುಡುಕೋದು ಕಲೀರಿ

ದಾವಣಗೆರೆಲಿ ನಮ್ ರೂಮಿಗೆ ಬರೋ ಇಂಜಿನಿಯರಿಂಗ್ ಹುಡುಗ್ರು ಕೇಳೋದು ಒಂದೇ, ಅಣ್ಣಾ ಇಷ್ಟೊಂದು ಕಮಾಂಡ್ ಹೆಂಗೆ ನೆನಪಿಟ್ಕಂತೀರ ಅಂತ. ನಾನು ಇಟ್ಕಳಲ್ಲ. ದಿನಾ ಹೊಡೆಯೋ ಇಪ್ಪತ್ತು ಮೂವತ್ತು ಕೈಗೆ ಕೂತಿರ್ತಾವೆ, ಉಳಿದವು ಎಲ್ಲಿ ಸಿಗ್ತಾವೆ ಅಂತ ಗೊತ್ತಿದ್ರೆ ಸಾಕು.

ಮೊದ್ಲು ಮ್ಯಾನ್ (man) ಪೇಜ್, ಅಂದ್ರೆ ಒಂದೊಂದು ಕಮಾಂಡ್ ಬಗ್ಗೆ ಕಂಪ್ಯೂಟರ್ ಒಳಗೇ ಇರೋ ಕೈಪಿಡಿ. ಒಂದಿನ ರಾತ್ರಿ ಕರೆಂಟ್ ಹೋಗಿ ವೈಫೈ ಬಂದ್ ಆಗಿತ್ತು, ಟಾರ್ ಫೈಲ್ (ಸುಮಾರು ಫೈಲುಗಳನ್ನ ಒಂದ್ರಲ್ಲೇ ಕಟ್ಟಿಟ್ಟಿದ್ದು) ಬಿಚ್ಚೋ ಆಪ್ಷನ್ ಮರ್ತೋಗಿತ್ತು, ಲ್ಯಾಪ್‌ಟಾಪ್ ಒಳಗೇ ಇದ್ದ ಮ್ಯಾನ್ ಪೇಜ್ ನೋಡೇ ಕೆಲ್ಸ ಮುಗಿಸ್ದೆ. ಮ್ಯಾನ್ ಅಂತ ಹೊಡೆದು ಸ್ಪೇಸ್ ಕೊಟ್ಟು ಕಮಾಂಡ್ ಹೆಸರು ಹಾಕ್ರಿ. ಪೂರ್ತಿ ಓದೋಕೆ ಕೂರ್ಬೇಡ್ರಿ, ಸ್ಲ್ಯಾಶ್ ಒತ್ತಿ ಬೇಕಾದ ಪದ ಟೈಪ್ ಮಾಡಿ ಎಂಟರ್ ಕೊಡ್ರಿ, ಮುಂದಿನದಕ್ಕೆ ಎನ್, ಹೊರಗೆ ಬರೋಕೆ ಕ್ಯೂ. 1971ರ ಮೊದಲ ಯೂನಿಕ್ಸ್ ಮ್ಯಾನ್ಯುಯಲ್‌ನಲ್ಲಿದ್ದ ಹೆಸರು, ಸಿನಾಪ್ಸಿಸ್ (ಕಮಾಂಡ್ ಹೆಂಗೆ ಬರೀಬೇಕು ಅನ್ನೋದು), ವಿವರಣೆ ಅನ್ನೋ ಕಟ್ಟೇ ಈಗ್ಲೂ ಐತೆ. ಸಿನಾಪ್ಸಿಸ್‌ನಲ್ಲಿ ಚೌಕ ಬ್ರಾಕೆಟ್ ಒಳಗಿರೋದನ್ನ ಬಿಟ್ರೂ ನಡೀತೈತೆ, ಮೂರು ಚುಕ್ಕಿ ಇದ್ರೆ ಒಂದಕ್ಕಿಂತ ಹೆಚ್ಚು ಕೊಡ್ಬೋದು. ಇಷ್ಟನ್ನ ಯಾರಾದ್ರೂ ಮೊದ್ಲೇ ಹೇಳ್ಕೊಟ್ಟಿದ್ರೆ ಎಷ್ಟೋ ಹುಡುಗ್ರು ಆ ಪೇಜ್ ನೋಡಿ ಹೆದರ್ತಿರ್ಲಿಲ್ಲ.

ಕಮಾಂಡ್ ಹೆಸರೇ ಗೊತ್ತಿಲ್ವಾ, ಮ್ಯಾನ್ ಹೈಫನ್ ಕೆ ಹಾಕಿ ಕಾಪಿ ಅಂತ ಇಂಗ್ಲಿಷಲ್ಲಿ ಕೊಡ್ರಿ, ಸಂಬಂಧಪಟ್ಟವೆಲ್ಲಾ ಬರ್ತಾವೆ. ಫೋಲ್ಡರ್ ಬದಲಿಸೋ ಸಿಡಿ (cd) ಥರದವು ಬ್ಯಾಶ್ (ನಾವು ಹೊಡೆದ ಕಮಾಂಡ್ ಓದಿ ನಡೆಸೋ ಪ್ರೋಗ್ರಾಂ) ಒಳಗಿನವು, ಅವಕ್ಕೆ ಹೆಲ್ಪ್ ಸಿಡಿ ಅಂತ ಹೊಡೀಬೇಕು. ಮ್ಯಾನ್ ಪಾಸ್‌ವ್ಡ್ (passwd) ಅಂದ್ರೆ ಪಾಸ್‌ವರ್ಡ್ ಬದಲಿಸೋ ಕಮಾಂಡ್ ಬಗ್ಗೆ ಬರ್ತೈತೆ, ಮ್ಯಾನ್ 5 ಪಾಸ್‌ವ್ಡ್ ಅಂದ್ರೆ ಆ ಹೆಸರಿನ ಫೈಲ್ ಬಗ್ಗೆ.

ಹಿಂದೆ ಹೊಡೆದಿದ್ದನ್ನ ಮತ್ತೆ ಟೈಪ್ ಮಾಡ್ಬೇಡ್ರಿ, ಕಂಟ್ರೋಲ್ ಆರ್ ಒತ್ತಿ ನಾಕಕ್ಷರ ಕೊಟ್ರೆ ಬ್ಯಾಶ್ ತಾನೇ ಹುಡುಕ್ಕೊಡ್ತೈತೆ.

ನಂಗೆ ಎಲ್ಲಕ್ಕಿಂತ ಉಪಯೋಗ ಆಗಿದ್ದು ನನ್ನದೇ ಒಂದು ಟೆಕ್ಸ್ಟ್ ಫೈಲು. ಒಂದೊಂದು ಸಾಲಲ್ಲಿ ಒಂದೊಂದು ಕಮಾಂಡು, ಪಕ್ಕದಲ್ಲೇ ಅದೇನು ಮಾಡ್ತೈತೆ ಅಂತ ಕನ್ನಡದಲ್ಲಿ. ಡಿಯು (du, ಎಷ್ಟು ಜಾಗ ಹಿಡಿದೈತೆ ಅಂತ ತೋರ್ಸೋದು) ಮತ್ತೆ ಸಾರ್ಟ್ (sort, ಸಾಲುಗಳನ್ನ ಕ್ರಮವಾಗಿ ಜೋಡ್ಸೋದು) ಸೇರಿಸಿ ಬರೆದಿದ್ದರ ಪಕ್ಕ "ಜಾಸ್ತಿ ಜಾಗ ತಿಂತಿರೋ ಫೋಲ್ಡರ್" ಅಂತ ಬರ್ಕಂಡಿದೀನಿ, ಮರ್ತಾಗ ಆ ಫೈಲಲ್ಲಿ ಗ್ರೆಪ್ (grep, ಪದ ಹುಡುಕೋ ಕಮಾಂಡ್) ಮಾಡಿ "ಜಾಗ" ಅಂತ ಹುಡುಕಿದ್ರೆ ತಕ್ಷಣ ಸಿಗ್ತೈತೆ. ಬೇರೆಯವರ ಚೀಟ್‌ಶೀಟ್ ಡೌನ್‌ಲೋಡ್ ಮಾಡಿದ್ರೆ ಇದು ಆಗಲ್ಲ, ಯಾವ ಪದ ಹುಡುಕ್ಬೇಕು ಅಂತಾನೇ ಹೊಳೆಯಲ್ಲ.

ಪ್ರಾಕ್ಟೀಸಿಗೆ ಬೇರೆ ಫೋಲ್ಡರ್ ಮಾಡ್ಕಳಿ, ಯಾಕಂದ್ರೆ ಫೈಲ್ ಅಳಿಸೋ ಆರ್‌ಎಂ (rm) ಹೊಡೆದ್ರೆ ಫೈಲು ಟ್ರ್ಯಾಶಿಗೂ ಹೋಗಲ್ಲ. ಅಲ್ಲಿ ಫೋಲ್ಡರ್ ಮಾಡೋ ಎಂಕೆಡಿಐಆರ್ (mkdir) ಕೊಟ್ಟು ಬೆಣ್ಣೆ ದೋಸೆ ಅಂತ ಹಾಗೇ ಬರೀರಿ, ಬೆಣ್ಣೆ ಒಂದು ದೋಸೆ ಒಂದು ಅಂತ ಎರಡು ಫೋಲ್ಡರ್ ಆಗ್ತಾವೆ, ಆಮೇಲೆ ಕೊಟೇಶನ್ ಒಳಗೆ ಹಾಕಿ ನೋಡ್ರಿ, ಒಂದೇ ಆಗ್ತೈತೆ.