ಹಳೆ ಪಿಕಪ್‌ನ ಕಾರ್ಬುರೇಟರ್ ಡೆನ್ವರ್ ಎತ್ತರಕ್ಕೆ ಹೊಂದಿಸುವುದು

ಸಮುದ್ರಮಟ್ಟದ ಹತ್ತಿರವಿರುವ ಹ್ಯೂಸ್ಟನ್ ಕಡೆಯಿಂದ ಕಾರ್ಬುರೇಟರ್ (ಗಾಳಿ, ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಹಳೆ ಪಿಕಪ್ ತಂದು ಡೆನ್ವರ್‌ನಲ್ಲಿ ಓಡಿಸುವವರು ಗಮನಿಸಿ. ಇಲ್ಲಿ ಸುಮಾರು 1,600 ಮೀಟರ್ (5,280 ಅಡಿ) ಎತ್ತರ. ಗಾಳಿ ತೆಳು, ಪೆಟ್ರೋಲ್ ಮಾತ್ರ ಅಗತ್ಯಕ್ಕಿಂತ ಜಾಸ್ತಿ ಬರುತ್ತದೆ. ಅದಕ್ಕೇ ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್.

ಮೊದಲು ಏರ್ ಫಿಲ್ಟರ್ ನೋಡಿ, ಚೋಕ್ (ತಣ್ಣಗಿನ ಎಂಜಿನ್ ಶುರುಮಾಡಲು ಗಾಳಿ ತಡೆಯುವ ಮುಚ್ಚಳ) ಪೂರ್ತಿ ತೆರೆಯುತ್ತದಾ ನೋಡಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ (ಎಂಜಿನ್ ಒಳಗೆ ಮಿಶ್ರಣ ಹೋಗುವ ಕೊಳವೆ) ವ್ಯಾಕ್ಯೂಮ್ ಗೇಜ್ (ಎಂಜಿನ್ ಎಳೆತ ಅಳೆಯುವ ಮೀಟರ್) ಹಾಕಿ. ಐಡಲ್ ಮಿಕ್ಸ್ಚರ್ ಸ್ಕ್ರೂವನ್ನು (ಗಾಡಿ ನಿಂತಲ್ಲೇ ಎಂಜಿನ್ ಓಡುವಾಗಿನ ಮಿಶ್ರಣ ಹೊಂದಿಸುವ ಸ್ಕ್ರೂ) ಸ್ವಲ್ಪ ಸ್ವಲ್ಪವೇ ತಿರುಗಿಸಿ. ಮುಳ್ಳು ಅಲುಗಾಡದೆ ಅತಿ ಮೇಲೆ ನಿಲ್ಲುವ ಜಾಗವೇ ಸರಿ. ಹ್ಯೂಸ್ಟನ್‌ನಲ್ಲಿ 19 ಇಂಚು (ಪಾದರಸದ ಅಳತೆ) ತೋರಿಸುತ್ತಿದ್ದ ಗೇಜ್ ಇಲ್ಲಿ 14 ತೋರಿಸಿದರೆ ಗಾಬರಿ ಬೇಡ. ಸಾವಿರ ಅಡಿಗೆ ಸುಮಾರು ಒಂದು ಇಂಚು ಇಳಿಯುವುದು ಸಹಜ. ಅದನ್ನು ನೋಡಿ ಸುಮ್ನೆ ಎಂಜಿನ್ ಬಿಚ್ಚಿಸಬೇಡಿ.

ಓಡುವಾಗಿನ ಮಿಕ್ಸ್ಚರ್ ಈ ಸ್ಕ್ರೂನಿಂದ ಸರಿಹೋಗುವುದಿಲ್ಲ, ಮೇನ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪು) ಬದಲಿಸಬೇಕು. ಹೋಲಿ (Holley) ಕಂಪನಿಯ ಕಾರ್ಬುರೇಟರ್ ಆದರೆ 2,000 ಅಡಿಗೆ ಒಂದು ನಂಬರ್ ಸಣ್ಣದು, ಅಂದರೆ 72 ಇದ್ದರೆ ಇಲ್ಲಿ 70 ಅಥವಾ 69. ಹಳೆ ಜೆಟ್ ಎಸೆಯಬೇಡಿ. ವಾಪಸ್ ಸಮುದ್ರಮಟ್ಟದ ಊರಿಗೆ ಹೋಗುವಾಗ ಅದನ್ನೇ ಹಾಕಿ. ಇಲ್ಲದಿದ್ದರೆ ಅಲ್ಲಿ ಪೆಟ್ರೋಲ್ ಸಾಲದೆ ಎಂಜಿನ್ ಬಿಸಿಯಾಗಿ ವಾಲ್ವ್, ಪಿಸ್ಟನ್ ಸುಟ್ಟುಹೋಗಬಹುದು.