ವಿದೇಶಿ ಸಲಿಂಗ ಸಂಗಾತಿಯ ವಾಸದ ಹಕ್ಕು: ಕಾಸರಗೋಡಿನ ಜೋಡಿಗಳು ಮಾಡಿಕೊಳ್ಳಬೇಕಾದ ಸಿದ್ಧತೆ

ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ನಮ್ಮ ಕಾನೂನಿನಲ್ಲಿ ನೇರವಾದ ದಾರಿಯೊಂದಿದೆ. ಮೊದಲು ಗಂಡ ಅಥವಾ ಹೆಂಡತಿ ಎಂಬ ನೆಲೆಯಲ್ಲಿ ಎಂಟ್ರಿ ವೀಸಾ ದೊರೆಯುತ್ತದೆ. ಮದುವೆ ನೋಂದಣಿಯಾಗಿ ಎರಡು ವರ್ಷ ಸತತವಾಗಿ ಉಳಿದಿದ್ದರೆ 1955ರ ಪೌರತ್ವ ಕಾಯ್ದೆಯ 7ಎ ಸೆಕ್ಷನ್ನಿನ ಪ್ರಕಾರ ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡಿಗೆ, ಅಂದರೆ ಇಲ್ಲಿ ಜೀವನಪರ್ಯಂತ ಬಂದು ಇರಲು ಬಿಡುವ ಕಾರ್ಡಿಗೆ ಅರ್ಜಿ ಹಾಕಬಹುದು. ಇಬ್ಬರೂ ಗಂಡಸರಾಗಿದ್ದರೆ ಅಥವಾ ಇಬ್ಬರೂ ಹೆಂಗಸರಾಗಿದ್ದರೆ ಈ ದಾರಿ ತೆರೆದಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟಿತಾದರೂ, 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಆ ತೀರ್ಪಿನ ಮರುಪರಿಶೀಲನೆ ಕೋರಿದ ಅರ್ಜಿಗಳೂ 2025ರ ಜನವರಿಯಲ್ಲಿ ವಜಾಗೊಂಡವು. ವಿದೇಶದಲ್ಲಿ ಕಾನೂನುಬದ್ಧವಾಗಿ ಮದುವೆಯಾದ ಸಲಿಂಗ ದಂಪತಿಗಳು ಒಸಿಐ ಹಕ್ಕಿಗಾಗಿ ದೆಹಲಿ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದ್ದಾರೆ.

ಹೀಗಿರುವಾಗ ಕಾಸರಗೋಡಿನಲ್ಲಿರುವ ಜೋಡಿಯ ಮುಂದೆ ಎರಡು ಕೆಲಸಗಳಿವೆ. ಸಂಗಾತಿ ಇಲ್ಲಿರುವಷ್ಟು ದಿನ ಅವರ ವಾಸದಲ್ಲಿ ಯಾವ ಕಾನೂನಿನ ಲೋಪವೂ ಇರದಂತೆ ನೋಡಿಕೊಳ್ಳುವುದು ಒಂದು. ಸಂಬಂಧವನ್ನು ಮಾನ್ಯ ಮಾಡುವ ದೇಶದಲ್ಲಿ ಮುಂದೆ ಒಟ್ಟಿಗೆ ನೆಲೆಸಲು ಅಲ್ಲಿನ ಅಧಿಕಾರಿಯ ಮುಂದಿಡಬೇಕಾದ ದಾಖಲೆಗಳನ್ನು ಇಲ್ಲಿಂದಲೇ ಕೂಡಿಸುತ್ತ ಹೋಗುವುದು ಇನ್ನೊಂದು. ಎರಡನೆಯದನ್ನು ಹೆಚ್ಚಿನವರು ತೀರಾ ತಡವಾಗಿ ಆರಂಭಿಸುತ್ತಾರೆ.

ಸಂಗಾತಿ ಇಲ್ಲಿರುವಾಗ

ಮೊದಲು ಸಂಗಾತಿಯ ವಂಶಮೂಲವನ್ನು ವಿಚಾರಿಸಿರಿ. ತಂದೆತಾಯಿ, ಅಜ್ಜ ಅಜ್ಜಿ ಅಥವಾ ಮುತ್ತಜ್ಜ ಮುತ್ತಜ್ಜಿಯರಲ್ಲಿ ಒಬ್ಬರು ಭಾರತದ ಪ್ರಜೆಯಾಗಿದ್ದರೆ, ಮದುವೆಯ ಪ್ರಶ್ನೆಯೇ ಇಲ್ಲದೆ ತಮ್ಮ ಸ್ವಂತ ಹಕ್ಕಿನಿಂದ ಅವರು ಒಸಿಐ ಪಡೆಯಬಹುದು. ಅವರೋ ಅವರ ತಂದೆತಾಯಿ, ಅಜ್ಜ ಅಜ್ಜಿ ಅಥವಾ ಮುತ್ತಜ್ಜ ಮುತ್ತಜ್ಜಿಯರೋ ಎಂದಾದರೂ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಗಳಾಗಿದ್ದರೆ ಈ ಅವಕಾಶವಿಲ್ಲ. ಕರಾವಳಿಯಿಂದ ಹೊರದೇಶಗಳಿಗೆ ಹೋಗಿ ನೆಲೆಸಿದ ಕುಟುಂಬಗಳು ಎಷ್ಟೋ ಇರುವುದರಿಂದ ಇದನ್ನು ಕೇಳಿ ನೋಡದೆ ಬಿಡಬಾರದು.

ಅದಿಲ್ಲದಿದ್ದರೆ ಪ್ರವಾಸಿ, ವಿದ್ಯಾರ್ಥಿ ಅಥವಾ ಉದ್ಯೋಗ ವೀಸಾ ಉಳಿಯುತ್ತದೆ. ಐದು ವರ್ಷದ ಇ-ಟೂರಿಸ್ಟ್ ವೀಸಾ ಕೈಯಲ್ಲಿದ್ದರೂ ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 180 ದಿನಗಳಿಗಿಂತ ಹೆಚ್ಚು ಇಲ್ಲಿ ಇರುವಂತಿಲ್ಲ. ಯಕ್ಷಗಾನದ ಹೆಜ್ಜೆ, ಸಂಗೀತ, ಅಡುಗೆ ಅಥವಾ ಭಾಷೆಯನ್ನು ಅಲ್ಪಾವಧಿಗೆ ಕಲಿಯುವುದಕ್ಕೆ ಪ್ರವಾಸಿ ವೀಸಾ ಸಾಕಾಗುತ್ತದೆ, ಸಂಬಳದ ಕೆಲಸಕ್ಕೆ ಆಗುವುದಿಲ್ಲ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಂತಹ ಸಂಸ್ಥೆಯಲ್ಲಿ ಪ್ರವೇಶ ದೊರೆತರೆ ವಿದ್ಯಾರ್ಥಿ ವೀಸಾದ ಮೇಲೆ ಓದು ಮುಗಿಯುವವರೆಗೆ ಒಟ್ಟಿಗೇ ಇರಬಹುದು. ನನ್ನ ಅಭಿಪ್ರಾಯದಲ್ಲಿ ಈಗಿರುವ ದಾರಿಗಳಲ್ಲಿ ಹೆಚ್ಚು ನೆಮ್ಮದಿಯದು ಇದೇ.

180 ದಿನಗಳನ್ನು ಮೀರಿದ ದೀರ್ಘಾವಧಿಯ ವೀಸಾದಲ್ಲಿ ಬಂದವರು ಬಂದ 14 ದಿನಗಳೊಳಗೆ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಜಾಲತಾಣದ ಮೂಲಕ ಹೆಸರು ನೋಂದಾಯಿಸಬೇಕು. ವಿದೇಶಿಯರನ್ನು ಮನೆಯಲ್ಲಿ ಇರಿಸಿಕೊಂಡವರೂ 24 ಗಂಟೆಗಳೊಳಗೆ ಮಾಹಿತಿ ಕೊಡಬೇಕು. ಇದನ್ನೇ ಜನ ಸಿ-ಫಾರ್ಮ್ ಎನ್ನುತ್ತಾರೆ. ಹೋಟೆಲಿನವರಿಗೆ ಮಾತ್ರ ಅನ್ವಯಿಸುತ್ತದೆಂದು ಭಾವಿಸಿ ಮನೆಯವರು ಬಿಟ್ಟುಬಿಡುವುದುಂಟು. ನೆನಪಿಡಬೇಕಾದ ಸಂಗತಿಯೆಂದರೆ, ನಿಮ್ಮ ಮನೆಯ ವಿಳಾಸ, ಸಂಗಾತಿಯ ಹೆಸರು ಮತ್ತು ತಾರೀಕು ಮೂರೂ ಇರುವ ಈ ರಶೀದಿ, ಒಂದೇ ಸೂರಿನಡಿ ಇದ್ದಿರೆಂಬುದಕ್ಕೆ ಸರಕಾರದ ಕಡೆಯಿಂದಲೇ ಸಿಗುವ ಪುರಾವೆ. ಪ್ರತಿ ಸಲದ ರಶೀದಿಯನ್ನೂ ಮುದ್ರಿಸಿ ತೆಗೆದಿಡಿ. ಮನೆ ಬದಲಿಸಿ ತಲಪಾಡಿ ದಾಟಿ ಮಂಗಳೂರಿಗೆ ಹೋದರೆ ರಾಜ್ಯವೇ ಬದಲಾಗುತ್ತದೆ, ಆದ್ದರಿಂದ ನೋಂದಣಿಯಾದ ಸಂಗಾತಿಯ ಹೊಸ ವಿಳಾಸವನ್ನು ಕಡ್ಡಾಯವಾಗಿ ತಿಳಿಸಬೇಕು.

ಅವಧಿ ಮೀರಿ ಉಳಿಯುವ ಯೋಚನೆ ಬೇಡ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯ ಪ್ರಕಾರ ಅದಕ್ಕೆ ಮೂರು ವರ್ಷದವರೆಗೆ ಜೈಲು ಮತ್ತು ಮೂರು ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು. ‘ನಂಬಿಗಸ್ತ ಸ್ನೇಹಿತೆಯೊಡನೆ ಹೆಸರಿಗೊಂದು ಮದುವೆ ಮಾಡಿಸಿ ಎಂಟ್ರಿ ವೀಸಾ ಪಡೆಯಿರಿ’ ಎಂದು ಸಲಹೆ ಕೊಡುವವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಅದು ವಂಚನೆ, ಮುಂದೆ ಯಾವ ದೇಶಕ್ಕೆ ನಿಜವಾದ ಸಂಗಾತಿಯಾಗಿ ಅರ್ಜಿ ಹಾಕಿದರೂ ಹಿಂದಿನ ಮದುವೆಯ ವಿವರವನ್ನು ಕೇಳಿಯೇ ಕೇಳುತ್ತಾರೆ.

ದಾಖಲೆಗಳ ಕಡತ

ಕಾಸರಗೋಡಿನವರಿಗೆ ಮೊದಲ ತೊಡಕು ಹೆಸರಿನದು. ಜನನ ಪತ್ರದಲ್ಲಿ ಬರೀ ‘ಗೋಪಾಲಕೃಷ್ಣ’, ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ‘ಗೋಪಾಲಕೃಷ್ಣ ಬಿ.’, ಆಧಾರಿನಲ್ಲಿ ಮನೆ ಹೆಸರು ಸೇರಿದ ಇನ್ನೊಂದು ರೂಪ, ಮಲಯಾಳದಿಂದ ಇಂಗ್ಲಿಷಿಗೆ ಬಂದಾಗ ಅಕ್ಷರಗಳೇ ಬೇರೆ. ಇಲ್ಲಿನ ಕಚೇರಿಗಳಿಗೆ ಇದು ದಿನನಿತ್ಯದ ಸಂಗತಿ, ಕೆನಡಾದ ಒಟ್ಟಾವದಲ್ಲಿ ಕುಳಿತ ಅಧಿಕಾರಿಗೆ ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಆದ್ದರಿಂದ ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದ ಮೂಲಕ ಅರ್ಜಿ ಹಾಕಿ, ಎರಡು ಹೆಸರುಗಳೂ ಒಬ್ಬರದೇ ಎಂದು ಕಂದಾಯ ಇಲಾಖೆ ಕೊಡುವ ‘ವನ್ ಆ್ಯಂಡ್ ದಿ ಸೇಮ್’ ಸರ್ಟಿಫಿಕೇಟನ್ನು ಮಾಡಿಸಿಕೊಳ್ಳಿ. ವ್ಯತ್ಯಾಸ ದೊಡ್ಡದಿದ್ದರೆ ಗಜೆಟ್ಟಿನಲ್ಲಿ ಹೆಸರು ಸರಿಪಡಿಸಿ, ಪಾಸ್‌ಪೋರ್ಟನ್ನು ಆ ಪ್ರಕಾರ ನವೀಕರಿಸಿ. ಅಕ್ಷಯ ಕೇಂದ್ರದಲ್ಲಿ ಎಲ್ಲರೂ ಪರಿಚಯದವರೇ ಎಂಬ ಅಂಜಿಕೆ ಸಹಜ. ಅಲ್ಲಿಗೆ ಒಯ್ಯಬೇಕಾದದ್ದು ನಿಮ್ಮ ಹೆಸರಿನ ಕಾಗದಗಳನ್ನು ಮಾತ್ರ. ಸಂಬಂಧದ ವಿಚಾರ ಹೇಳುವ ಅಫಿಡವಿಟ್ಟನ್ನು ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಪರಿಚಯವಿಲ್ಲದ ನೋಟರಿಯ ಮುಂದೆ ಮಾಡಿಸಬಹುದು.

ಬಾಡಿಗೆ ಕರಾರು ಇಬ್ಬರ ಹೆಸರಿನಲ್ಲಿಯೂ ಇರಲಿ. ಉಪ್ಪಳ, ಮಂಜೇಶ್ವರದ ಕಡೆಯವರು ಹತ್ತಿರವೆಂದು ಮಂಗಳೂರಿನಿಂದ ಸ್ಟ್ಯಾಂಪ್ ಪೇಪರ್ ತರುವ ರೂಢಿಯಿದೆ. ಮನೆ ಕೇರಳದಲ್ಲಿದ್ದರೆ ಕೇರಳದ ಮುದ್ರಾಂಕವೇ ಬೇಕು. ಸಲಿಂಗ ಸಂಗಾತಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯುವುದಕ್ಕೂ ಒಬ್ಬರು ಇನ್ನೊಬ್ಬರನ್ನು ನಾಮಿನಿ ಮಾಡುವುದಕ್ಕೂ ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ಅಲ್ಪಾವಧಿ ವೀಸಾದವರಿಗೆ ಜಂಟಿ ಖಾತೆ ಸುಲಭವಲ್ಲ, ಆದರೆ ನಿಮ್ಮ ಖಾತೆಗೆ ಅವರನ್ನು ನಾಮಿನಿ ಮಾಡಿ ಅದು ನಮೂದಾದ ಪುಟವನ್ನು ಕಡತಕ್ಕೆ ಸೇರಿಸಿಕೊಳ್ಳಬಹುದು. ಉಯಿಲೂ ಒಳ್ಳೆಯ ಪುರಾವೆ. ಮುಸ್ಲಿಂ ವೈಯಕ್ತಿಕ ಕಾನೂನಿಗೆ ಒಳಪಟ್ಟವರು ಉಳಿದ ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರನೇ ಒಂದು ಭಾಗವನ್ನಷ್ಟೇ ಉಯಿಲಿನ ಮೂಲಕ ಕೊಡಬಹುದು.

ಇವೆಲ್ಲ ಕಚೇರಿಯ ಕಾಗದಗಳಾದವು. ನಾಲ್ಕು ಜನ ನಿಮ್ಮನ್ನು ಜೋಡಿಯೆಂದು ಕಂಡಿದ್ದಾರೆಯೇ ಎಂಬುದನ್ನೂ ವೀಸಾ ಅಧಿಕಾರಿ ನೋಡುತ್ತಾನೆ. ಅತ್ತೆಯ ಮನೆಯ ಗೃಹಪ್ರವೇಶದ ಕರೆಯೋಲೆಯ ಲಕೋಟೆಯ ಮೇಲೆ ನಿಮ್ಮ ಹೆಸರಿನ ಪಕ್ಕದಲ್ಲಿ ಸಂಗಾತಿಯ ಹೆಸರನ್ನೂ ಪೆನ್ನಿನಿಂದ ಬರೆದಿದ್ದರೆ, ಆ ಲಕೋಟೆಯನ್ನು ಎಸೆಯಬೇಡಿ. ಅಂಚೆ ಮುದ್ರೆಯಿದ್ದರಂತೂ ಇನ್ನೂ ಒಳ್ಳೆಯದು. ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿದ್ದವರೆಂದು ಸಂಗಾತಿಯ ಹೆಸರು ಬರೆದ ಚೀಟಿ, ಹಣ ಕಳಿಸಿದ ರಶೀದಿ, ಬೋರ್ಡಿಂಗ್ ಪಾಸ್, ಸಂಬಂಧವನ್ನು ಬಲ್ಲ ಗೆಳೆಯರ ಮತ್ತು ಬಂಧುಗಳ ಸಹಿ ಹಾಕಿದ ಪತ್ರ ಇವೆಲ್ಲ ಬೇಕು. ನೂರಾರು ಸೆಲ್ಫಿಗಳಿಗಿಂತ, ವರ್ಷಕ್ಕೆ ಕೆಲವೇ ಆದರೂ ಬೇರೆಯವರೊಂದಿಗೆ ತೆಗೆದ, ತಾರೀಕು ಮತ್ತು ಸ್ಥಳ ಗೊತ್ತಿರುವ ಫೋಟೋಗಳು ಹೆಚ್ಚು ಬೆಲೆಯುಳ್ಳವು. ಕನ್ನಡ ಹಾಗೂ ಮಲಯಾಳದ ಕಾಗದಗಳಿಗೆ ಅನುವಾದಕರ ಸಹಿಯಿರುವ ಇಂಗ್ಲಿಷ್ ಅನುವಾದವನ್ನು ಮೂಲದೊಂದಿಗೆ ಲಗತ್ತಿಸಿರಿ. ಅಪೋಸ್ಟಿಲ್ (ಕಾಗದ ಹೊರದೇಶದಲ್ಲಿ ಸಲ್ಲಲು ಬೇಕಾದ ದೃಢೀಕರಣ) ಕೇಳಿದರೆ ಮೊದಲು ರಾಜ್ಯ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ.

ಯಾವ ದೇಶದಲ್ಲಿ ಯಾವ ದಾರಿ

ಮದುವೆಯಿಲ್ಲದೆಯೂ ಸಂಗಾತಿಗೆ ವಾಸದ ಹಕ್ಕು ಕೊಡುವ ದೇಶಗಳನ್ನು ಮೊದಲು ಪರಿಶೀಲಿಸಿರಿ. ಕೆನಡಾದ ನಿಯಮದಲ್ಲಿ, 12 ತಿಂಗಳು ಸತತವಾಗಿ ಒಟ್ಟಿಗೆ ಬಾಳಿದ ಜೋಡಿಗೆ ದಂಪತಿಗಳಷ್ಟೇ ಅರ್ಹತೆಯಿದೆ. ವೀಸಾ ಮಿತಿಯಿಂದಲೋ ಮದುವೆಗೆ ಕಾನೂನಿನ ಅಡ್ಡಿಯಿರುವುದರಿಂದಲೋ ಒಟ್ಟಿಗೆ ಬಾಳಲಾಗದೆ, ಕನಿಷ್ಠ ಒಂದು ವರ್ಷದಿಂದ ಗಾಢ ಸಂಬಂಧದಲ್ಲಿರುವವರಿಗೆ ‘ಕಾಂಜುಗಲ್ ಪಾರ್ಟ್‌ನರ್’ ಎಂಬ ಬೇರೆಯೇ ವರ್ಗವಿದೆ. ನಿಮ್ಮ ಸಂಗಾತಿ ಕೆನಡಾದವರಾಗಿದ್ದರೆ, ಪ್ರವಾಸಿ ವೀಸಾದ 180 ದಿನಗಳ ಮಿತಿ ಮತ್ತು 2023ರ ತೀರ್ಪು ಇಲ್ಲಿ ನಿಮ್ಮ ವಾದಕ್ಕೇ ಆಧಾರವಾಗುತ್ತವೆ. ಆಸ್ಟ್ರೇಲಿಯದಲ್ಲಿಯೂ 12 ತಿಂಗಳ ನಿಯಮವಿದೆ. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯದಂತಹ ರಾಜ್ಯಗಳಲ್ಲಿ ಸಂಬಂಧವನ್ನು ನೋಂದಾಯಿಸಿದರೆ ಆ ಷರತ್ತು ಬಿಟ್ಟುಹೋಗುತ್ತದೆ. ಬ್ರಿಟನ್ನಿನಲ್ಲಿ ಮದುವೆಯಾಗದ ಸಂಗಾತಿ ಎರಡು ವರ್ಷದ ಸಂಬಂಧವನ್ನು ತೋರಿಸಬೇಕು, ಅಲ್ಲಿರುವವರ ವರಮಾನಕ್ಕೂ ಕೆಳಮಿತಿಯಿದ್ದು ಅದನ್ನು 2024ರ ಏಪ್ರಿಲಿನಲ್ಲಿ ವರ್ಷಕ್ಕೆ 29,000 ಪೌಂಡಿಗೆ ಏರಿಸಲಾಗಿದೆ.

ಅಮೆರಿಕದ ಖಾಯಂ ವಾಸಕ್ಕೆ ಮದುವೆಯೇ ಬೇಕು. ಅಲ್ಲಿನ ಸುಪ್ರೀಂ ಕೋರ್ಟಿನ 2013ರ ಜೂನ್ 26ರ ತೀರ್ಪಿನ ನಂತರ ಸಲಿಂಗ ದಂಪತಿಗಳಿಗೂ ಅದೇ ಅರ್ಜಿ, ಅದೇ ನಿಯಮ. ಮದುವೆಗೆ ಮುಂಚೆಯೇ ಹೋಗಬೇಕಿದ್ದರೆ ಕೆ-1 ವೀಸಾ ಇದೆ: ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಮುಖತಃ ಭೇಟಿಯಾಗಿರಬೇಕು, ಹೋದ 90 ದಿನಗಳೊಳಗೆ ಮದುವೆಯಾಗಬೇಕು. ಮದುವೆ ನಡೆದ ಸ್ಥಳದಲ್ಲಿ ಅದು ಸಿಂಧುವಾಗಿದ್ದರೆ ಸಾಕು ಎಂಬ ನಿಯಮದಿಂದಾಗಿ ಥಾಯ್ಲೆಂಡ್ ಈಗ ನಮ್ಮವರಿಗೆ ಹತ್ತಿರದ ಆಯ್ಕೆಯಾಗಿದೆ. ಅಲ್ಲಿ ವಿವಾಹ ಸಮಾನತೆಯ ಕಾನೂನು 2025ರ ಜನವರಿ 23ರಿಂದ ಜಾರಿಯಲ್ಲಿದೆ. ಅವಿವಾಹಿತರೆಂಬ ಪ್ರಮಾಣವನ್ನು ತಮ್ಮ ತಮ್ಮ ರಾಯಭಾರ ಕಚೇರಿಯ ಮೂಲಕ ಪಡೆಯಬೇಕಾಗುವುದರಿಂದ, ಟಿಕೆಟು ಕೊಳ್ಳುವ ಮೊದಲೇ ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ಇಮೇಲ್ ಬರೆದು ಲಿಖಿತ ಉತ್ತರವನ್ನು ತರಿಸಿಕೊಳ್ಳಿ.

ಯುರೋಪಿನಲ್ಲಿ, ತಮ್ಮ ದೇಶ ಬಿಟ್ಟು ಯುರೋಪಿಯನ್ ಒಕ್ಕೂಟದ ಇನ್ನೊಂದು ದೇಶದಲ್ಲಿ ನೆಲೆಸಿದ ಪ್ರಜೆಯ ಸಲಿಂಗ ಪತಿ ಅಥವಾ ಪತ್ನಿಗೂ ವಾಸದ ಹಕ್ಕಿದೆಯೆಂದು ಒಕ್ಕೂಟದ ನ್ಯಾಯಾಲಯ 2018ರ ಜೂನ್ 5ರಂದು ರುಮೇನಿಯದ ಪ್ರಕರಣವೊಂದರಲ್ಲಿ ತೀರ್ಪಿತ್ತಿದೆ. ಜರ್ಮನಿಗೆ ಹೋಗುವವರು ಸಾಮಾನ್ಯವಾಗಿ ಎ1 ಮಟ್ಟದ ಜರ್ಮನ್ ಪರೀಕ್ಷೆಯನ್ನು ಇಲ್ಲಿಯೇ ಮುಗಿಸಬೇಕಾಗುತ್ತದೆ.

ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸ ಮಾಡುತ್ತಿರುವವರು ನಮ್ಮ ಜಿಲ್ಲೆಯಲ್ಲಿ ಮನೆಗೊಬ್ಬರಂತೆ ಇದ್ದರೂ, ಅಲ್ಲಿ ಸಲಿಂಗ ಸಂಗಾತಿಗೆ ವೀಸಾ ಇಲ್ಲ. ಸೌದಿ, ಕತಾರ್, ಯುಎಇ ದೇಶಗಳಲ್ಲಿ ಸಲಿಂಗ ಸಂಬಂಧವೇ ಅಪರಾಧ. ಅಲ್ಲಿನ ವಿಮಾನ ನಿಲ್ದಾಣಗಳ ಮೂಲಕ ಬೇರೆ ದೇಶಕ್ಕೆ ಹೋಗುವವರು ಫೋಟೋ, ಚಾಟ್ ಹಾಗೂ ಅಫಿಡವಿಟ್ಟುಗಳ ಕಡತವನ್ನು ಫೋನಿನಲ್ಲಾಗಲಿ ಕೈಚೀಲದಲ್ಲಾಗಲಿ ಒಯ್ಯದೆ, ಮುಂಚೆಯೇ ಆನ್‌ಲೈನ್ ಸಂಗ್ರಹದಲ್ಲಿಟ್ಟು, ಮೂಲ ಪ್ರತಿಗಳನ್ನು ಕೊರಿಯರಿನಲ್ಲಿ ಕಳಿಸುವುದು ಕ್ಷೇಮ.